ಅಂಗಡಿಯ ವೆಬ್‌ಸೈಟ್ ಎಲ್ಲರಿಗೂ ಎಟುಕಲು ನಾಲ್ಕು ದಾರಿ: ಯಾವುದು ಯಾರಿಗೆ?

ಇಳಕಲ್ ಸೀರೆ ಮಾರುವ ಅಂಗಡಿಯೊಂದಕ್ಕೆ ವೆಬ್‌ಸೈಟ್ ಇದೆ ಎಂದಿಟ್ಟುಕೊಳ್ಳಿ. ಇನ್ನೂರು ಸೀರೆ, ಏಳೆಂಟು ಬಗೆಯ ಪುಟ, ಆನ್‌ಲೈನ್ ಪಾವತಿ. ಕಣ್ಣು ಕಾಣದವರು ಅದನ್ನು ಸ್ಕ್ರೀನ್ ರೀಡರ್‌ನಲ್ಲಿ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಕೇಳಿಸಿಕೊಂಡು ಬಳಸುತ್ತಾರೆ. ಕೈ ನಡುಗುವವರು ಮೌಸ್ ಬಿಟ್ಟು ಕೀಬೋರ್ಡ್ ಹಿಡಿಯುತ್ತಾರೆ. ಮಂದದೃಷ್ಟಿಯವರು ಪುಟವನ್ನು ಮೂರು ನಾಲ್ಕು ಪಟ್ಟು ಹಿಗ್ಗಿಸಿ ಓದುತ್ತಾರೆ. ‘ಆರ್ಡರ್‌ಗೆ ಕರೆ ಮಾಡಿ’ ಎಂಬುದೊಂದೇ ದಾರಿಯಾದರೆ ಕಿವಿ ಕೇಳದವರ ಪಾಲಿಗೆ ಅಂಗಡಿಯ ಬಾಗಿಲು ಹಾಕಿದಂತೆಯೇ. ಇವರೆಲ್ಲರೂ ಸೀರೆ ಆರಿಸಿ, ವಿಳಾಸ ತುಂಬಿ, ಹಣ ಕಟ್ಟುವವರೆಗೆ ಪಕ್ಕದವರನ್ನು ಕರೆಯದೆ ಮುಂದೆ ಹೋಗುವಂತಿರಬೇಕು.

ಇದಕ್ಕೆ ಮಾಲೀಕರ ಮುಂದೆ ಬರುವ ದಾರಿಗಳು ನಾಲ್ಕು. ಪುಟದ ಮೂಲೆಯಲ್ಲಿ ಗಾಲಿಕುರ್ಚಿ ಅಥವಾ ಮನುಷ್ಯಾಕೃತಿಯ ಚಿಹ್ನೆ ಕೂರಿಸುವ ಓವರ್‌ಲೇ ವಿಜೆಟ್, ಅಂದರೆ ಸೈಟಿನ ಮೇಲೆ ಹೊದಿಸುವ ಸಿದ್ಧ ಸಾಧನ; ಉಚಿತ ಸಾಧನಗಳನ್ನು ಹಿಡಿದು ತಾವೇ ಮಾಡುವ ದುರಸ್ತಿ; ಹಣ ಕೊಟ್ಟು ಆಡಿಟ್ (ಪರಿಣತರಿಂದ ದೋಷಪರೀಕ್ಷೆ) ಮಾಡಿಸಿ ಡೆವಲಪರ್ ಕೈಯಲ್ಲಿ ಸರಿಪಡಿಸುವುದು; ಹಳೆಯದನ್ನು ಬಿಟ್ಟು ಹೊಸ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಅಥವಾ ಹೊಸ ವೇದಿಕೆಗೆ ಹೋಗುವುದು. ಮೊದಲನೆಯದನ್ನು ಕೊಳ್ಳಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕಾರಣಗಳನ್ನು ಮುಂದೆ ಕೊಟ್ಟಿದೆ. ಉಳಿದ ಮೂರರಲ್ಲಿ ಯಾವುದು ಎಂಬುದನ್ನು ಜೇಬು ನೋಡಿ ತೀರ್ಮಾನಿಸುವ ಮೊದಲು ದೋಷ ಎಲ್ಲಿ ಕೂತಿದೆ ಎಂದು ನೋಡಿ. ನೀವು ತುಂಬಿದ ಚಿತ್ರ–ಬರಹಗಳಲ್ಲೋ, ಥೀಮಿನ ಕೋಡ್‌ನಲ್ಲೋ, ಹೊರಗಿನಿಂದ ತಂದು ಜೋಡಿಸಿದ ಪಾವತಿ–ಚಾಟ್ ಭಾಗಗಳಲ್ಲೋ? ಇದು ಗೊತ್ತಾದರೆ ದಾರಿ ಹೆಚ್ಚುಕಡಿಮೆ ತಾನಾಗಿ ಗೊತ್ತಾಗುತ್ತದೆ.

ಹಣ ಕೊಡುವ ಮೊದಲು ಅರ್ಧ ಗಂಟೆ

ಕಂಪ್ಯೂಟರ್‌ನಿಂದ ಮೌಸ್ ಕಿತ್ತಿಡಿ. ಮುಖಪುಟ ತೆರೆದು ಟ್ಯಾಬ್ ಕೀಲಿ ಒತ್ತುತ್ತ ಹೋಗಿ. ಹಿಂದಕ್ಕೆ ಬರಲು ಶಿಫ್ಟ್ ಜೊತೆ ಟ್ಯಾಬ್, ಲಿಂಕ್‌ಗೆ ಎಂಟರ್, ಬಟನ್‌ಗೆ ಎಂಟರ್ ಅಥವಾ ಸ್ಪೇಸ್, ಪಾಪ್‌ಅಪ್ ಮುಚ್ಚಲು ಎಸ್ಕೇಪ್. ಒಂದು ಸೀರೆಯನ್ನು ಆರಿಸಿ ಹಣ ಕಟ್ಟುವ ಪುಟದವರೆಗೆ ಹೋಗಬೇಕು. ದಾರಿಯಲ್ಲಿ ಮೂರು ವಿಷಯ ಗಮನಿಸಿ. ಈಗ ಎಲ್ಲಿದ್ದೇವೆ ಎಂದು ತೋರಿಸುವ ಗೆರೆ ಕಣ್ಣಿಗೆ ಕಾಣುತ್ತಿದೆಯೇ? ಎಷ್ಟೋ ಥೀಮ್‌ಗಳು ಚೆಂದ ಕೆಡುತ್ತದೆಂದು ಆ ಗೆರೆಯನ್ನೇ ಅಳಿಸಿರುತ್ತವೆ. ಮೌಸ್ ತಾಗಿಸಿದಾಗ ಮಾತ್ರ ಬಿಚ್ಚಿಕೊಳ್ಳುವ ಮೆನು ಕೀಬೋರ್ಡ್‌ಗೂ ಬಿಚ್ಚುತ್ತದೆಯೇ? ಎಲ್ಲಾದರೂ ಸಿಕ್ಕಿಬಿದ್ದು ಹೊರಬರಲಾಗದಂತಾಯಿತೇ?

ಆಮೇಲೆ ಆಂಡ್ರಾಯ್ಡ್ ಫೋನ್. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಚಾಲೂ ಮಾಡಿ. ಆಫ್ ಮಾಡುವುದು ಹೇಗೆಂದು ಮೊದಲೇ ನೋಡಿಟ್ಟುಕೊಳ್ಳಿ, ಇಲ್ಲದಿದ್ದರೆ ಹೊಸಬರು ಅಲ್ಲೇ ಒದ್ದಾಡುತ್ತಾರೆ. ಒಂದು ಬೆರಳಿನಿಂದ ಬಲಕ್ಕೆ ಸವರಿದರೆ ಮುಂದಿನ ಅಂಶ, ಎರಡು ಸಲ ತಟ್ಟಿದರೆ ಆಯ್ಕೆ. ಕಣ್ಣು ಮುಚ್ಚಿ ಅದೇ ಖರೀದಿ ಮಾಡಿ. ಕಂಪ್ಯೂಟರ್‌ನಲ್ಲಿಯೂ ನೋಡುವುದಾದರೆ ವಿಂಡೋಸ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಅದರಲ್ಲಿ ಎಚ್ ಕೀಲಿ ಒತ್ತಿದರೆ ಹೆಡಿಂಗ್‌ನಿಂದ ಹೆಡಿಂಗ್‌ಗೆ, ಎಫ್ ಒತ್ತಿದರೆ ಫಾರ್ಮ್‌ನ ಖಾನೆಗಳಿಗೆ, ಬಿ ಒತ್ತಿದರೆ ಬಟನ್‌ಗಳಿಗೆ ಜಿಗಿಯುತ್ತದೆ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಲಿಂಕ್‌ಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದೇ ಇಪ್ಪತ್ತು ಸಲ ಕಂಡರೆ, ಕೇಳುವವರಿಗೆ ಯಾವುದು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗುವುದು ಹೇಗೆ?

ಕೊನೆಯದಾಗಿ ಬ್ರೌಸರ್‌ನಲ್ಲಿ ಕಂಟ್ರೋಲ್ ಜೊತೆ ಪ್ಲಸ್ ಒತ್ತಿ 400 ಶೇಕಡಾಕ್ಕೆ ಹಿಗ್ಗಿಸಿ. 1280 ಪಿಕ್ಸೆಲ್ ಅಗಲದ ಕಿಟಕಿ ಹೀಗೆ ಹಿಗ್ಗಿದಾಗ 320 ಪಿಕ್ಸೆಲ್‌ನಷ್ಟಾಗುತ್ತದೆ. ಓದಲು ಪುಟವನ್ನು ಪಕ್ಕಕ್ಕೆ ಜರುಗಿಸಬೇಕಾಗಿ ಬಂದರೆ, ‘ಬುಟ್ಟಿಗೆ ಹಾಕಿ’ ಬಟನ್ ಯಾವುದೋ ತೇಲುಪಟ್ಟಿಯ ಅಡಿ ಮಾಯವಾದರೆ, ಅದೂ ದೋಷವೇ.

ಸಿಕ್ಕ ಒಂದೊಂದು ತೊಡಕಿನ ಎದುರೂ ಬರೆದುಕೊಳ್ಳಿ: ‘ನಾವು ತುಂಬಿದ್ದು’, ‘ಥೀಮಿನದು’, ‘ಹೊರಗಿನದು’. ಸೀರೆಯ ಚಿತ್ರ ಬಂದಾಗ ಸ್ಕ್ರೀನ್ ರೀಡರ್ ಕ್ಯಾಮೆರಾ ಕೊಟ್ಟ ಕಡತದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರೆ ನೀವು ತುಂಬಿದ್ದು. ಬುಟ್ಟಿಯ ಚಿಹ್ನೆ ಬಂದಾಗ ಬರಿ ‘ಬಟನ್’ ಎಂದು ಸುಮ್ಮನಾದರೆ ಥೀಮಿನದು. ಚಾಟ್ ಪೆಟ್ಟಿಗೆ ತೆರೆದು ಮುಚ್ಚಲಾಗದಿದ್ದರೆ ಹೊರಗಿನದು. ಈ ಚೀಟಿಯೇ ಮುಂದಿನ ತೀರ್ಮಾನಕ್ಕೆಲ್ಲ ಆಧಾರ.

ವಿಜೆಟ್: ಅಗ್ಗ ಎನಿಸುತ್ತದೆ, ಕೆಲಸಕ್ಕೆ ಬರುವುದಿಲ್ಲ

ಒಂದು ಸಾಲು ಕೋಡ್ ಅಂಟಿಸಿ, ತಿಂಗಳ ಚಂದಾ ಕಟ್ಟಿ, ನಿಮ್ಮ ಸೈಟ್ ಕಾನೂನಿಗೆ ಸರಿಹೊಂದುತ್ತದೆ ಎಂದು ಮಾರುವವರು ಹೇಳುತ್ತಾರೆ. ವಿಜೆಟ್ ಮಾಡುವ ಕೆಲಸ ಎರಡು ಬಗೆಯದು. ಒಂದು, ಅಕ್ಷರ ದೊಡ್ಡದು–ಚಿಕ್ಕದು, ಬಣ್ಣ ಬದಲು, ದೊಡ್ಡ ಕರ್ಸರ್ ಕೊಡುವ ಪಟ್ಟಿ. ಇವು ಬೇಕಾದವರು ತಮ್ಮ ಫೋನ್, ಕಂಪ್ಯೂಟರ್‌ಗಳಲ್ಲೇ ಹೊಂದಿಸಿಕೊಂಡಿರುತ್ತಾರೆ. ಅದು ಎಲ್ಲ ಸೈಟ್‌ಗಳಿಗೂ ಅನ್ವಯಿಸುತ್ತದೆ. ನಿಮ್ಮ ಸೈಟಿಗೆ ಬಂದಾಗ ಮಾತ್ರ ಇನ್ನೊಂದು ಪಟ್ಟಿ ಹುಡುಕಿ ಮತ್ತೆ ಹೊಂದಿಸಲು ಯಾರಿಗೂ ಪುರುಸೊತ್ತಿಲ್ಲ. (ಸರ್ಕಾರಿ ಸೈಟ್‌ಗಳ ನೆತ್ತಿಯ ಮೇಲಿರುವ ‘ಅ ಪ್ಲಸ್, ಅ ಮೈನಸ್’ ಬಟನ್‌ಗಳ ಕತೆಯೂ ಇದೇ.) ಎರಡು, ಚಿತ್ರಕ್ಕೆ ವಿವರಣೆ, ಖಾನೆಗೆ ಹೆಸರು ಇವನ್ನೆಲ್ಲ ಯಂತ್ರವೇ ಊಹಿಸಿ ತುಂಬುವುದು. ಗೋಮಿ ದಡಿಯ (ಇಳಕಲ್ ಸೀರೆಯ ಒಂದು ಬಗೆಯ ಅಂಚು) ಸೀರೆಯನ್ನು ಅದು ‘ಕೆಂಪು ಬಟ್ಟೆ’ ಎಂದೀತು. ಬಳಕೆದಾರರಿಗೆ ಬೇಕಾದದ್ದು ದಡಿಯ ಹೆಸರು.

ಕೆಲಸ ಮಾಡುವ ರೀತಿಯಲ್ಲೇ ಕೊರತೆ ಇದೆ. ಪುಟ ತೆರೆದುಕೊಂಡ ಮೇಲೆ ವಿಜೆಟ್‌ನ ಸ್ಕ್ರಿಪ್ಟ್ ಬಂದು ಪುಟವನ್ನು ತಿದ್ದುತ್ತದೆ. ಅಷ್ಟರೊಳಗೆ ಸ್ಕ್ರೀನ್ ರೀಡರ್ ಓದಲು ಶುರುಮಾಡಿರುತ್ತದೆ. ನಡುವೆ ಪುಟ ಬದಲಾದರೆ ಫೋಕಸ್, ಅಂದರೆ ಈಗ ಯಾವ ಅಂಶದ ಮೇಲಿದ್ದೇವೆ ಎಂಬ ಗುರುತು, ಎಲ್ಲಿಗೋ ಹಾರುತ್ತದೆ. ಪಾವತಿಯ ಕಿಟಕಿ ಬೇರೆ ಸಂಸ್ಥೆಯ ಪುಟವಾದ್ದರಿಂದ ವಿಜೆಟ್‌ಗೆ ಅದರೊಳಗೆ ಪ್ರವೇಶವೇ ಇಲ್ಲ. ಚಂದಾ ನಿಲ್ಲಿಸಿದ ದಿನ ದೋಷಗಳೆಲ್ಲ ಇದ್ದಲ್ಲಿಗೇ ವಾಪಸ್, ಏಕೆಂದರೆ ನಿಮ್ಮ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಕನ್ನಡದ ಸೈಟಿಗೆ ಇನ್ನೂ ಒಂದು ತಮಾಷೆ: ಓದಲು ತೊಡಕಿರುವವರಿಗೆಂದು ಇಂಥ ಪಟ್ಟಿಗಳಲ್ಲಿ ಕಾಣುವ ಓಪನ್‌ಡಿಸ್ಲೆಕ್ಸಿಕ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಬಟನ್ ಒತ್ತಿದರೆ ಇಂಗ್ಲಿಷ್ ಮಾತ್ರ ಬದಲಾಗಿ, ಕನ್ನಡ ಇದ್ದಂತೆಯೇ ಇರುತ್ತದೆ.

2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆಕ್ಸೆಸಿಬಿ ಎಂಬ ವಿಜೆಟ್ ಕಂಪನಿಯು 10 ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶವನ್ನು ಪ್ರಕಟಿಸಿತು. ತನ್ನ ಉತ್ಪನ್ನ ಯಾವ ಸೈಟನ್ನಾದರೂ ಡಬ್ಲ್ಯೂಸಿಎಜಿ ಎಂಬ ಎಟುಕುವಿಕೆಯ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದಿಸಬಲ್ಲದು ಎಂದು ಅದು ಜಾಹೀರಾತು ಮಾಡಿತ್ತು ಎಂಬುದು ಆರೋಪ. ವಿಜೆಟ್ ಹಾಕಿಕೊಂಡ ಸೈಟ್‌ಗಳ ಮೇಲೂ ಅಲ್ಲಿ ದಾವೆ ಬಿದ್ದಿವೆ. ಹಾಗಾಗಿ ‘ತಾತ್ಕಾಲಿಕವಾಗಿ ಇರಲಿ’ ಎನ್ನುವುದಕ್ಕೂ ಕಾರಣ ಉಳಿದಿಲ್ಲ.

ಸ್ವಂತ ದುರಸ್ತಿ: ಎಲ್ಲಿಯವರೆಗೆ ಸಾಕು

ಚೀಟಿಯಲ್ಲಿ ‘ನಾವು ತುಂಬಿದ್ದು’ ಎಂಬುದೇ ಹೆಚ್ಚಾಗಿದ್ದರೆ ಇದು ನಿಮ್ಮ ದಾರಿ. ವೆಬ್ ಎಟುಕುವಿಕೆಗಾಗಿ ಕೆಲಸ ಮಾಡುವ ವೆಬ್‌ಏಮ್ ಸಂಸ್ಥೆ 2025ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ಶೇ. 94.8ರಷ್ಟು ಪುಟಗಳಲ್ಲಿ ದೋಷ ಸಿಕ್ಕಿತು. ಅವುಗಳಲ್ಲಿ ಬಹುಪಾಲು ಆರೇ ಬಗೆಯವು: ಮಸುಕು ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಖಾನೆ, ಖಾಲಿ ಲಿಂಕ್, ಖಾಲಿ ಬಟನ್, ಭಾಷೆ ನಮೂದಿಸದ ಪುಟ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಎಂಜಿನಿಯರ್ ಬೇಕಿಲ್ಲ.

ಬಣ್ಣದಿಂದ ಶುರುಮಾಡಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1 ಅನುಪಾತದ ಅಂತರ ಇರಬೇಕು. 24 ಪಿಕ್ಸೆಲ್ ಅಥವಾ ಅದಕ್ಕಿಂತ ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲೆ ಬೂದು ಬರೆಯುವುದಿದ್ದರೆ #767676 ಎಂಬ ಬಣ್ಣಸಂಕೇತ ಅಂಚಿನಲ್ಲಿ ಪಾಸು, #777777 ಕೂದಲೆಳೆಯಲ್ಲಿ ಫೇಲು, ವಿನ್ಯಾಸಕಾರರಿಗೆ ಪ್ರಿಯವಾದ #999999 ಬರಿ 2.85. ವಾಟ್ಸ್ಆ್ಯಪ್‌ನ ಎಳೆ ಹಸಿರಿನ ಮೇಲೆ ಬಿಳಿ ಅಕ್ಷರ ಹಾಕಿದ ‘ವಿಚಾರಿಸಿ’ ಬಟನ್ ಊರೆಲ್ಲ ಇದೆ. ಅದರ ಅಂತರ 2ಕ್ಕೆ 1 ಅಷ್ಟೇ. ಅದೇ ಬಟನ್‌ಗೆ ಕಪ್ಪು ಅಕ್ಷರ ಹಾಕಿದರೆ ಸಮಸ್ಯೆ ಮುಗಿಯಿತು. ‘ಸ್ಟಾಕ್ ಇಲ್ಲ’ ಎಂಬುದನ್ನು ಬರಿ ಬೂದು ಬಣ್ಣದಲ್ಲಿ ತೋರಿಸಬೇಡಿ, ಪದದಲ್ಲೂ ಬರೆಯಿರಿ.

ಚಿತ್ರದ ವಿವರಣೆ ಅಂದರೆ ಆಲ್ಟ್ ಪಠ್ಯ. ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗೆ ಉತ್ತರದಂತಿರಲಿ: ‘ಕಡುನೀಲಿ ಇಳಕಲ್ ಸೀರೆ, ಕೆಂಪು ಗೋಮಿ ದಡಿ, ಬಿಳಿ–ಕೆಂಪು ತೋಪು ತೆನೆ ಸೆರಗು’. ‘ಚಿತ್ರ’, ‘ಫೋಟೋ’ ಎಂದು ಶುರುಮಾಡುವುದು ಬೇಡ, ಸ್ಕ್ರೀನ್ ರೀಡರ್ ಅದನ್ನು ತಾನೇ ಹೇಳುತ್ತದೆ. ಒಂದೇ ಸೀರೆಗೆ ಐದು ಚಿತ್ರಗಳಿದ್ದರೆ ಐದಕ್ಕೂ ಅದೇ ಸಾಲು ಅಂಟಿಸಬೇಡಿ; ಎರಡನೆಯದಕ್ಕೆ ‘ಸೆರಗಿನ ಹತ್ತಿರದ ನೋಟ’ ಸಾಕು. ಬರಿ ಅಲಂಕಾರದ ಬಳ್ಳಿ, ಗೆರೆಗಳಿಗೆ ಆಲ್ಟ್ ಇರಲಿ ಆದರೆ ಖಾಲಿ ಇರಲಿ, ಆಗ ಅದನ್ನು ಓದದೆ ದಾಟುತ್ತದೆ. ಆಲ್ಟನ್ನೇ ತೆಗೆದುಹಾಕಿದರೆ ಕಡತದ ಹೆಸರು ಓದುವ ಹಳೆ ಕಾಟ ಮತ್ತೆ ಬರುತ್ತದೆ. ಒಂದಕ್ಕೆ ಒಂದೂವರೆ ನಿಮಿಷದ ಲೆಕ್ಕದಲ್ಲಿ ಇನ್ನೂರು ಚಿತ್ರಕ್ಕೆ ಐದು ಗಂಟೆ. ಸೀರೆ ಬಲ್ಲವರೇ ಕೂತು ಬರೆಯಬೇಕು, ಡೆವಲಪರ್‌ಗೆ ಒಪ್ಪಿಸಿದರೆ ಇನ್ನೂರಕ್ಕೂ ‘ಸೀರೆ’ ಎಂದೇ ಬಂದೀತು.

ಫಾರ್ಮ್‌ಗಳಲ್ಲಿ ಖಾನೆಯೊಳಗಿನ ತಿಳಿಬೂದು ಸುಳಿವನ್ನೇ ಹೆಸರಾಗಿ ಬಳಸುವುದು ದೊಡ್ಡ ಚಟ. ಟೈಪ್ ಮಾಡಲು ಶುರುಮಾಡಿದೊಡನೆ ಅದು ಮಾಯ. ನಡುವೆ ಮರೆತವರು ಅಳಿಸಿ ನೋಡಬೇಕು. ಖಾನೆಯ ಮೇಲೆ ಹೆಸರು ಬರೆದು, ಲೇಬಲ್ ಎಂಬ ಕೋಡ್ ಅಂಶದಿಂದ ಖಾನೆಗೆ ಕಟ್ಟಬೇಕು. ಕಟ್ಟಿದೆಯೋ ಇಲ್ಲವೋ ತಿಳಿಯಲು ಹೆಸರಿನ ಮೇಲೆ ಕ್ಲಿಕ್ ಮಾಡಿ ನೋಡಿ: ಕರ್ಸರ್ ಖಾನೆಗೆ ಹೋದರೆ ಸರಿ. ತಪ್ಪಾದಾಗ ಅಂಚು ಕೆಂಪಾದರೆ ಸಾಲದು. ‘ಪಿನ್‌ಕೋಡ್ ಆರು ಅಂಕಿ ಇರಬೇಕು’ ಎಂಬ ವಾಕ್ಯ ಆ ಖಾನೆಯ ಪಕ್ಕದಲ್ಲೇ ಬರಬೇಕು, ಫೋಕಸ್ ಅಲ್ಲಿಗೆ ಹೋಗಬೇಕು.

ಹೆಡಿಂಗನ್ನು ಅಕ್ಷರದ ಗಾತ್ರ ನೋಡಿ ಆರಿಸಬೇಡಿ. ಪುಟಕ್ಕೆ ಒಂದು ಎಚ್1 (ಮೊದಲ ದರ್ಜೆಯ ತಲೆಬರಹ), ಅದರಡಿ ಎಚ್2, ಅದರಡಿ ಎಚ್3. ಗಾತ್ರ ಬೇಕಾದಂತೆ ಆಮೇಲೆ ಬದಲಿಸಿಕೊಳ್ಳಿ. ಥೀಮ್ ಸೆಟ್ಟಿಂಗ್‌ನಲ್ಲಿ ಬೆರಳಿಂದ ಹಿಗ್ಗಿಸುವುದನ್ನು ತಡೆಯುವ ಆಯ್ಕೆ ಇದ್ದರೆ ತೆಗೆಯಿರಿ. ಒತ್ತುವ ಜಾಗಗಳು ಕನಿಷ್ಠ 24ಕ್ಕೆ 24 ಪಿಕ್ಸೆಲ್ ಇರಲಿ. ಕೈ ನಡುಗುವವರಿಗೆ 44 ಇದ್ದರೆ ನಿಜಕ್ಕೂ ಅನುಕೂಲ.

ಇಷ್ಟು ಮಾಡಿದ ಮೇಲೆ ಆಕ್ಸ್ ಡೆವ್‌ಟೂಲ್ಸ್, ವೇವ್, ಕ್ರೋಮ್‌ನೊಳಗೇ ಇರುವ ಲೈಟ್‌ಹೌಸ್ ಈ ದೋಷಪತ್ತೆ ಸಾಧನಗಳಲ್ಲಿ ಯಾವುದಾದರೂ ಒಂದನ್ನು ಓಡಿಸಿ. ಎಣಿಕೆ ನೋಡಿ ಗಾಬರಿಯಾಗಬೇಕಿಲ್ಲ: ತಲೆಪಟ್ಟಿಯ ಒಂದು ತಪ್ಪು 60 ಪುಟಗಳಲ್ಲಿ ಬಂದರೆ ಅದು 60 ಎಂದೇ ಎಣಿಸುತ್ತದೆ. ಸೊನ್ನೆ ಬಂದರೆ ಹಿಗ್ಗಬೇಕಾಗಿಯೂ ಇಲ್ಲ. 2017ರಲ್ಲಿ ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ ಬೇಕೆಂದೇ 142 ತೊಡಕುಗಳನ್ನು ತುಂಬಿದ ಪುಟವೊಂದನ್ನು ಕಟ್ಟಿ ಸಾಧನಗಳಿಗೆ ಕೊಟ್ಟಿತ್ತು. ಅತ್ಯುತ್ತಮ ಸಾಧನ ಹಿಡಿದದ್ದು ಹತ್ತರಲ್ಲಿ ನಾಲ್ಕು. ಆಲ್ಟ್ ಪಠ್ಯ ಇದೆಯೋ ಇಲ್ಲವೋ ಎಂದಷ್ಟೇ ಯಂತ್ರ ಹೇಳಬಲ್ಲದು. ಸೀರೆಯ ಚಿತ್ರಕ್ಕೆ ‘ಬಾಳೆಹಣ್ಣು’ ಎಂದು ಬರೆದರೂ ಪೂರ್ತಿ ಅಂಕ ಕೊಡುತ್ತದೆ.

ಸ್ವಂತ ದುರಸ್ತಿ ಕೈಕೊಡುವುದು ಎರಡು ಕಡೆ. ಥೀಮಿನ ಕಡತವನ್ನೇ ನೇರ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲ ಅಳಿಸಿಹೋಗುತ್ತದೆ. ಸೈಟ್ ಕಟ್ಟಿದ ವೇದಿಕೆ ವರ್ಡ್‌ಪ್ರೆಸ್ ಆದರೆ ಚೈಲ್ಡ್ ಥೀಮ್‌ನಲ್ಲೇ (ಮೂಲ ಥೀಮನ್ನು ಮುಟ್ಟದೆ ಅದರ ಮೇಲೆ ಇಡುವ ಸಣ್ಣ ಥೀಮ್) ತಿದ್ದಿ. ಇನ್ನೊಂದು, ಅರೆಬರೆ ಓದಿಕೊಂಡು ಎಲ್ಲ ಕಡೆ ಏರಿಯಾ ಗುಣಗಳನ್ನು (ಯಾವ ಅಂಶ ಏನು ಎಂದು ಸ್ಕ್ರೀನ್ ರೀಡರ್‌ಗೆ ಹೇಳುವ ಕೋಡ್ ಗುರುತುಗಳು) ಸುರಿಯುವುದು. ಸಾಮಾನ್ಯ ಪೆಟ್ಟಿಗೆಗೆ ‘ನೀನು ಬಟನ್’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಎಂಟರ್ ಕೀಲಿಗೆ ಓಗೊಡುವುದಿಲ್ಲ. ನಿಜವಾದ ಬಟನ್ ಅಂಶ ಬಳಸಿದರೆ ಕೀಬೋರ್ಡ್, ಫೋಕಸ್, ಹೆಸರು ಎಲ್ಲ ಪುಕ್ಕಟೆ ಬರುತ್ತವೆ. ತಪ್ಪು ಏರಿಯಾಗಿಂತ ಏರಿಯಾ ಇಲ್ಲದಿರುವುದೇ ಲೇಸು.

ಕನ್ನಡ ಸೈಟಿನ ಹೆಚ್ಚುವರಿ ಲೆಕ್ಕ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ, ಆದರೆ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಮೊದಲನೆಯದು ಭಾಷೆಯ ನಮೂದು. ಥೀಮ್‌ಗಳು ಇಂಗ್ಲಿಷ್ ಎಂದೇ ಘೋಷಿಸಿಕೊಂಡು ಬರುತ್ತವೆ. ಪುಟದ ತುಂಬ ಕನ್ನಡವಿದ್ದು ಮೇಲೆ ಇಂಗ್ಲಿಷ್ ಎಂದಿದ್ದರೆ, ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯನ್ನೇ ಹಿಡಿದು ಕನ್ನಡವನ್ನು ನುಂಗಬಹುದು, ಇಲ್ಲವೇ ಬಿಡಿಬಿಡಿಯಾಗಿ ಕೊರೆಯಬಹುದು. ಪುಟದ ಭಾಷೆ ಹೇಳುವ ಲ್ಯಾಂಗ್ ಎಂಬ ಕೋಡ್ ಗುಣದಲ್ಲಿ ಕನ್ನಡದ ಸಂಕೇತವಾದ ಕೆ–ಎನ್ ಎಂಬ ಎರಡಕ್ಷರ ಹಾಕಿದರೆ ಎನ್‌ವಿಡಿಎ ತನ್ನ ಜೊತೆಗೇ ಬರುವ ಇಸ್ಪೀಕ್ ಎಂಬ ಓದುವ ತಂತ್ರಾಂಶದ ಕನ್ನಡ ದನಿಗೆ ಬದಲಾಗುತ್ತದೆ. ಅದು ಲೋಹದ ದನಿ, ಕಿವಿಗೆ ಇಂಪಲ್ಲ, ಅರ್ಥವಂತೂ ಆಗುತ್ತದೆ. ನಡುವೆ ಒಂದಿಡೀ ಪ್ಯಾರಾ ಇಂಗ್ಲಿಷ್‌ನಲ್ಲಿದ್ದರೆ ಆ ತುಂಡಿಗೆ ಮಾತ್ರ ಇಂಗ್ಲಿಷ್ ಎಂದು ನಮೂದಿಸಿ. ಒಂದೊಂದು ಎರವಲು ಪದಕ್ಕೂ ಹೀಗೆ ಮಾಡಲು ಹೋಗಬೇಡಿ, ಸಾಲಿಗೆ ನಾಲ್ಕು ಸಲ ದನಿ ಬದಲಾಗಿ ತಲೆ ಚಿಟ್ಟು ಹಿಡಿಯುತ್ತದೆ.

ಎರಡನೆಯದು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳ ಪಳೆಯುಳಿಕೆ. ಯೂನಿಕೋಡ್ ಅಲ್ಲದ ಆ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಲ್ಯಾಟಿನ್ ಚಿಹ್ನೆಗಳು. ಸ್ಕ್ರೀನ್ ರೀಡರ್ ಒಳಗಿನದನ್ನು ಓದುತ್ತದೆ, ಹಾಗಾಗಿ ಕೇಳುವವರಿಗೆ ಬರಿ ಅರ್ಥವಿಲ್ಲದ ಸದ್ದು. ಗೂಗಲ್‌ಗೂ ಅದು ಕನ್ನಡವಲ್ಲ. ಆ ಪುಟ ಹುಡುಕಾಟದಲ್ಲೂ ಸಿಗುವುದಿಲ್ಲ. ಇಂದು ಇದು ಹೆಚ್ಚಾಗಿ ಉಳಿದಿರುವುದು ಪೇಜ್‌ಮೇಕರ್‌ನಲ್ಲಿ ಮಾಡಿಸಿದ ದರಪಟ್ಟಿಯ ಪಿಡಿಎಫ್‌ಗಳಲ್ಲಿ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ, ಕನ್ನಡವಾಗಿಯೇ ಬಂದರೆ ಸರಿ. ಪರಿವರ್ತಕಗಳು ಇವೆ, ಆದರೆ ಅರ್ಕಾವತ್ತು, ರಕಾರದ ಒತ್ತು, ದೀರ್ಘಗಳಲ್ಲಿ ಎಡವುತ್ತವೆ. ಒಬ್ಬರು ಕೂತು ಓದಿ ತಿದ್ದಲೇಬೇಕು. ತಿದ್ದಿದ್ದನ್ನು ಮತ್ತೆ ಪಿಡಿಎಫ್ ಮಾಡದೆ ಪುಟದಲ್ಲೇ ಕೋಷ್ಟಕವಾಗಿ ಹಾಕಿ, ಮೊದಲ ಸಾಲು ತಲೆಬರಹ ಎಂದು ಗುರುತಿಸಿ.

ಒತ್ತಕ್ಷರದ ವಿಷಯ ಮೂರನೆಯದು. ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದ ಬಟನ್‌ಗಳಲ್ಲಿ ‘ಬುಟ್ಟಿ’ಯ ಅಡಿ ಒತ್ತು ಕತ್ತರಿಸಿಹೋಗುತ್ತದೆ, ಅಕ್ಷರ ಹಿಗ್ಗಿಸಿದವರಿಗೆ ಇನ್ನೂ ಹೆಚ್ಚು. ಎತ್ತರ ಬಿಗಿಯದೆ ಒಳಜಾಗ ಕೊಡಿ; ಸಾಲಿನ ಎತ್ತರ 1.6 ಇರಲಿ, ಮೈಬರಹ 18 ಪಿಕ್ಸೆಲ್ ಇದ್ದರೆ ಕನ್ನಡಕ್ಕೆ ಹಿತ. ತೆಳು ತೂಕದ ಫಾಂಟ್ ಬೇಡ, ಬಣ್ಣದ ಅಂತರ ಲೆಕ್ಕದಲ್ಲಿ ಪಾಸಾದರೂ ಕಣ್ಣಿಗೆ ಮಸುಕೇ. ಇನ್ನು ಕನ್ನಡ ಪುಟದ ಬಟನ್‌ಗಳಿಗೆ ಥೀಮ್ ಗುಟ್ಟಾಗಿ ಇಟ್ಟ ಇಂಗ್ಲಿಷ್ ಹೆಸರುಗಳು ಹಾಗೇ ಉಳಿದಿರುತ್ತವೆ. ಕಣ್ಣಿಗೆ ಕಾಣದ ಕಾರಣ ಅನುವಾದಿಸುವಾಗ ಅವು ತಪ್ಪಿಹೋಗುತ್ತವೆ. ಹತ್ತಂಕಿಯ ಫೋನ್ ನಂಬರನ್ನು ಐದೈದಾಗಿ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ದನಿ ಅದನ್ನು ಕೋಟಿಗಳ ಲೆಕ್ಕದಲ್ಲಿ ಓದಬಹುದು.

ಆಡಿಟ್: ಯಾವಾಗ ಹಣ ಕೊಡಬೇಕು, ಏನು ಕೇಳಿ ಪಡೆಯಬೇಕು

ಚೀಟಿಯಲ್ಲಿ ‘ಥೀಮಿನದು’, ‘ಹೊರಗಿನದು’ ಹೆಚ್ಚಾಗಿದ್ದು, ಸೈಟಿಗೇ ವಿಶೇಷವಾಗಿ ಬರೆಸಿದ ಕೋಡ್ ಇದ್ದರೆ ಸ್ವಂತ ದುರಸ್ತಿ ಸಾಲದು. ಲಾಗಿನ್, ಬುಕಿಂಗ್ ಕ್ಯಾಲೆಂಡರ್, ಬೆಲೆ ಲೆಕ್ಕ ಹಾಕುವ ಫಾರ್ಮ್ ಇವೆಲ್ಲ ಇರುವ ಹೋಂಸ್ಟೇ, ಕ್ಲಿನಿಕ್, ಟ್ರಾವೆಲ್ಸ್‌ನವರು ನೇರ ಇಲ್ಲಿಗೇ ಬರುವುದು ಲೇಸು.

ಪುಟಗಳ ಸಂಖ್ಯೆಗೆ ದರ ಹೇಳುವವರ ಜೊತೆ ಚೌಕಾಶಿ ಇಲ್ಲಿಂದ ಶುರುವಾಗಲಿ: ಮುನ್ನೂರು ಪುಟ ನೋಡಬೇಕಿಲ್ಲ. ಮುಖಪುಟ, ಪಟ್ಟಿ, ಸೀರೆಯ ಪುಟ, ಹುಡುಕಾಟ, ಬುಟ್ಟಿ, ಪಾವತಿ, ಲಾಗಿನ್, ಸಂಪರ್ಕ ಹೀಗೆ ಎಂಟು ಬಗೆಯಲ್ಲಿ ಒಂದೊಂದು, ಜೊತೆಗೆ ಮೊದಲಿಂದ ಕೊನೆವರೆಗೆ ಒಂದು ಖರೀದಿ. ಮಾನದಂಡ ಡಬ್ಲ್ಯೂಸಿಎಜಿ 2.2ರ ಎಎ ಮಟ್ಟ ಎಂದು ಕೆಲಸದ ಪತ್ರದಲ್ಲಿ ಬರೆಸಿ. ಅದು 2023ರ ಅಕ್ಟೋಬರ್‌ನಲ್ಲಿ ಬಂದದ್ದು. ಎನ್‌ವಿಡಿಎ–ಕ್ರೋಮ್, ಟಾಕ್‌ಬ್ಯಾಕ್–ಕ್ರೋಮ್, ಆ್ಯಪಲ್‌ನ ವಾಯ್ಸ್‌ಓವರ್–ಸಫಾರಿ ಈ ಮೂರು ಸ್ಕ್ರೀನ್ ರೀಡರ್–ಬ್ರೌಸರ್ ಜೋಡಿಗಳಲ್ಲೂ ನೋಡಿರಬೇಕು. ನಮ್ಮ ರಾಜ್ಯದ ಗ್ರಾಹಕರ ಮಟ್ಟಿಗೆ ಟಾಕ್‌ಬ್ಯಾಕನ್ನು ಬಿಡುವಂತೆಯೇ ಇಲ್ಲ. ವರದಿಯಲ್ಲಿ ಪ್ರತಿ ದೋಷಕ್ಕೂ ಎಲ್ಲಿದೆ, ಯಾವ ಹೆಜ್ಜೆಯಲ್ಲಿ ಕಾಣುತ್ತದೆ, ಯಾರಿಗೆ ತೊಂದರೆ, ಹೇಗೆ ತಿದ್ದಬೇಕು ಇಷ್ಟೂ ಇರಬೇಕು. ತಿದ್ದಿದ ಮೇಲಿನ ಮರುಪರೀಕ್ಷೆಯ ದರವನ್ನು ಮೊದಲೇ ಸೇರಿಸಿಕೊಳ್ಳಿ, ಆಮೇಲೆ ಕೇಳಿದರೆ ಅದು ಹೊಸ ಬಿಲ್.

ಯಾರನ್ನು ಬೇಡ ಎನ್ನಬೇಕು? 24 ಗಂಟೆಯಲ್ಲಿ ಪ್ರಮಾಣಪತ್ರ ಎಂದವರನ್ನು, ಲೈಟ್‌ಹೌಸ್‌ನ ಪ್ರಿಂಟನ್ನೇ ವರದಿ ಎಂದು ಕೊಡುವವರನ್ನು, ಕನ್ನಡ ಪುಟವನ್ನು ಕನ್ನಡ ಬಾರದವರಿಂದ ಪರೀಕ್ಷಿಸುವವರನ್ನು. ಐಎಎಪಿ (ಎಟುಕುವಿಕೆ ಪರಿಣತರ ಅಂತರರಾಷ್ಟ್ರೀಯ ಸಂಘ) ಪ್ರಮಾಣಪತ್ರ ಇದ್ದವರು ತಂಡದಲ್ಲಿದ್ದಾರೆಯೇ ಎಂದು ಕೇಳಬಹುದು. ಅದಕ್ಕಿಂತ ಮುಖ್ಯ, ದಿನವೂ ಸ್ಕ್ರೀನ್ ರೀಡರ್‌ನಲ್ಲೇ ಬದುಕುವ ಒಬ್ಬರಾದರೂ ಪರೀಕ್ಷಕರಾಗಿ ಇದ್ದಾರೆಯೇ ಎಂಬುದು. ಬೆಂಗಳೂರಿನ ಎನೇಬಲ್ ಇಂಡಿಯಾ, ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ವಿಚಾರಿಸಿ ಅಂಥವರನ್ನು ಹುಡುಕಬಹುದು. ಎರಡು ಗಂಟೆ ಕೂತವರಿಗೆ ಎರಡು ಗಂಟೆಯ ಸಂಬಳ ಕೊಡಿ. ‘ನಿಮಗೇ ಉಪಯೋಗ ಅಲ್ಲವೇ’ ಎಂದು ಪುಕ್ಕಟೆ ಕೆಲಸ ಮಾಡಿಸಬೇಡಿ.

ಆಡಿಟ್‌ಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಗ್ರಾಹಕರು ಹಣ ಕಟ್ಟುವ ಘಟ್ಟದಲ್ಲಿ. ಒಟಿಪಿಗೆ ಆರು ಪುಟ್ಟ ಚೌಕಗಳನ್ನು ಕೊಟ್ಟರೆ ಸ್ಕ್ರೀನ್ ರೀಡರ್‌ಗೆ ಅವು ಹೆಸರಿಲ್ಲದ ಆರು ಖಾನೆಗಳು. ಫೋಕಸ್ ತಾನೇ ಹಾರುವುದರಿಂದ ಎಷ್ಟನೆಯ ಅಂಕಿಯಲ್ಲಿದ್ದೇವೆಂದು ಗೊತ್ತಾಗುವುದಿಲ್ಲ. ಒಂದೇ ಖಾನೆ ಸಾಕು, ಅಂಟಿಸಲು ಬಿಡಬೇಕು. ಅಂಟಿಸುವುದನ್ನು ತಡೆಯಬಾರದೆಂಬುದು 2.2ರಲ್ಲಿ ಹೊಸದಾಗಿ ಸೇರಿದ ಅಂಶಗಳಲ್ಲೊಂದು. ಮೂವತ್ತು ಸೆಕೆಂಡಿನ ಗಡಿಯಾರವೂ ಹಾಗೆಯೇ: ಮೆಸೇಜ್ ಆ್ಯಪ್‌ಗೆ ಹೋಗಿ ಕೇಳಿಸಿಕೊಂಡು ವಾಪಸ್ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸಮಯ ಹೆಚ್ಚಿಸುವ ಬಟನ್ ಕೊಡಿ. ಪಾವತಿಗೆ ಕ್ಯೂಆರ್ ಚಿತ್ರ ಮಾತ್ರ ತೋರಿಸಿದರೆ ಕಣ್ಣು ಕಾಣದವರು ಅಲ್ಲೇ ನಿಲ್ಲುತ್ತಾರೆ; ಫೋನ್‌ನಲ್ಲಿರುವ ಯುಪಿಐ ಆ್ಯಪ್ ತೆರೆಯುವ ಬಟನ್ ಪಕ್ಕದಲ್ಲಿರಲಿ. ಪಾವತಿ ಸಂಸ್ಥೆಯ ಕಿಟಕಿಯೊಳಗಿನ ತಪ್ಪನ್ನು ನಿಮ್ಮ ಡೆವಲಪರ್ ತಿದ್ದಲಾರ. ಒಪ್ಪಂದಕ್ಕೆ ಮೊದಲು ಅವರ ಡೆಮೊವನ್ನು ಕೀಬೋರ್ಡ್‌ನಲ್ಲಿ ನೋಡಿ, ಸರಿಯಿಲ್ಲದಿದ್ದರೆ ಇನ್ನೊಬ್ಬರನ್ನು ಆರಿಸಿ. ಈ ಅಧಿಕಾರ ನಿಮ್ಮ ಕೈಯಲ್ಲಿ ಇರುವುದು ಸಹಿ ಹಾಕುವವರೆಗೆ ಮಾತ್ರ.

ಹೊಸ ಸೈಟ್: ಹೇಗೂ ಬದಲಿಸುವುದಿದ್ದರೆ

ತಲೆಪಟ್ಟಿ, ಮೆನು, ಫಿಲ್ಟರ್, ಬುಟ್ಟಿ ಎಲ್ಲವೂ ಕೀಬೋರ್ಡ್‌ಗೆ ಬಗ್ಗದಿದ್ದರೆ, ಥೀಮ್ ಮಾಡಿದವರು ಅಪ್‌ಡೇಟ್ ನಿಲ್ಲಿಸಿದ್ದರೆ, ಅಥವಾ ವರ್ಷದೊಳಗೆ ಸೈಟ್ ಬದಲಿಸುವ ಯೋಚನೆ ಮೊದಲೇ ಇದ್ದರೆ, ಹಳೆಯದನ್ನು ತೇಪೆ ಹಾಕಲು ಹಣ ಸುರಿಯಬೇಡಿ. ವರ್ಡ್‌ಪ್ರೆಸ್ ಥೀಮ್ ಭಂಡಾರದಲ್ಲಿ ‘ಆಕ್ಸೆಸಿಬಿಲಿಟಿ ರೆಡಿ’ ಎಂಬ ಸೋಸುಗ ಇದೆ. ಆನ್‌ಲೈನ್ ಅಂಗಡಿ ಕಟ್ಟುವ ವೇದಿಕೆಯಾದ ಶಾಪಿಫೈ ತನ್ನ ಥೀಮ್ ಅಂಗಡಿಗೆ ಬರುವ ಥೀಮ್‌ಗಳಿಗೆ ಲೈಟ್‌ಹೌಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸರಾಸರಿ 90 ಅಂಕ ಕೇಳುತ್ತದೆ. ಇವು ಬುನಾದಿ ಗಟ್ಟಿಯಿದೆ ಎನ್ನುತ್ತವೆ ಅಷ್ಟೇ. ಮೇಲೆ ಪೇಜ್ ಬಿಲ್ಡರ್, ತೇಲುವ ಬ್ಯಾನರ್, ತಾನೇ ಉರುಳುವ ಸ್ಲೈಡರ್ ಕೂರಿಸಿದರೆ ಆ ಅಂಕ ನಿಮ್ಮದಲ್ಲ. ಡೆಮೊ ಪುಟದಲ್ಲೇ ಟ್ಯಾಬ್ ಒತ್ತಿ, 400 ಶೇಕಡಾ ಹಿಗ್ಗಿಸಿ, ಕನ್ನಡದ ಒಂದು ಪ್ಯಾರಾ ತುಂಬಿ ನೋಡಿದ ಮೇಲೆ ಕೊಳ್ಳಿ. ಹಳೆ ವಿಳಾಸಗಳಿಂದ ಹೊಸದಕ್ಕೆ ದಾರಿ ತಿರುಗಿಸುವುದನ್ನು ಮರೆಯಬೇಡಿ. ಆಲ್ಟ್ ಪಠ್ಯ ವರ್ಗಾವಣೆಯಲ್ಲಿ ಉಳಿಯಿತೇ ಎಂದು ಹತ್ತು ಸೀರೆಗಳಲ್ಲಿ ಪರೀಕ್ಷಿಸಿ.

‘ಅಂಗವಿಕಲರಿಗೆ ಬೇರೆ ಸರಳ ಪುಟ’ ಎಂಬ ಐದನೆಯ ಸಲಹೆಯೂ ಆಗಾಗ ಬರುತ್ತದೆ. ಮೂರು ತಿಂಗಳಲ್ಲಿ ಅದರ ಬೆಲೆಗಳು ಹಳತಾಗಿರುತ್ತವೆ. ಬೇಡ.

ಕಾನೂನಿನ ಮಾತು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 46ನೇ ಕಲಂ ಸೇವೆ ಕೊಡುವವರು ಸರ್ಕಾರಿಯಾಗಲಿ ಖಾಸಗಿಯಾಗಲಿ ಎಟುಕುವಿಕೆಯ ನಿಯಮಗಳನ್ನು ಪಾಲಿಸಬೇಕೆನ್ನುತ್ತದೆ. 89ನೇ ಕಲಂನಡಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡ. 2023ರಲ್ಲಿ ಡಿಜಿಟಲ್ ಎಟುಕುವಿಕೆಯ ಭಾರತೀಯ ಮಾನಕ ಐಎಸ್ 17802 ಈ ಕಾಯ್ದೆಯ ನಿಯಮಗಳಿಗೆ ಸೇರಿತು. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರಿ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಬೇಕೆಂದಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿತು. ಷೇರು ದಲ್ಲಾಳಿ, ಮ್ಯೂಚುವಲ್ ಫಂಡ್‌ನಂಥ ವ್ಯವಹಾರದವರಿಗೆ ಸೆಬಿಯ 2025ರ ಜುಲೈ 31ರ ಸುತ್ತೋಲೆ ಆಡಿಟನ್ನು ಕಡ್ಡಾಯ ಮಾಡಿದೆ, ಅವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಸೀರೆ, ಚನ್ನಪಟ್ಟಣದ ಗೊಂಬೆ, ಕೊಡಗಿನ ಕಾಫಿಯನ್ನು ಯುರೋಪಿನ ಗ್ರಾಹಕರಿಗೆ ನೇರ ಮಾರುವವರಿಗೆ ಅಲ್ಲಿನ ಎಟುಕುವಿಕೆ ಕಾಯ್ದೆ 2025ರ ಜೂನ್ 28ರಿಂದ ಅನ್ವಯ. ಹತ್ತಕ್ಕಿಂತ ಕಡಿಮೆ ನೌಕರರಿದ್ದು, ವಾರ್ಷಿಕ ವಹಿವಾಟು 20 ಲಕ್ಷ ಯೂರೋ ದಾಟದ ಕಿರು ಉದ್ಯಮಗಳ ಸೇವೆಗೆ ಅದರಲ್ಲಿ ವಿನಾಯಿತಿ ಇದೆ.

ನಿಮ್ಮ ಚೀಟಿಗೆ ನಮ್ಮ ಸಲಹೆ

ಹತ್ತು ಪುಟದೊಳಗಿನ, ಪಾವತಿಯಿಲ್ಲದ ಪರಿಚಯ ಸೈಟ್: ಸ್ವಂತ ದುರಸ್ತಿ, ಒಂದು ವಾರಾಂತ್ಯದ ಕೆಲಸ. ಸಿದ್ಧ ಥೀಮ್‌ನ ಆನ್‌ಲೈನ್ ಅಂಗಡಿ: ಚಿತ್ರ–ಬರಹ ನೀವೇ ತಿದ್ದಿಕೊಳ್ಳಿ, ಆಮೇಲೆ ಪಾವತಿಯ ದಾರಿಯೊಂದಕ್ಕೇ ಸಣ್ಣ ಆಡಿಟ್ ಮಾಡಿಸಿ. ಮೊದಲು ಆಡಿಟ್ ಮಾಡಿಸಿದರೆ ವರದಿಯ ಅರ್ಧ ಪುಟಗಳು ‘ಆಲ್ಟ್ ಇಲ್ಲ’ ಎಂಬುದರಲ್ಲೇ ತುಂಬಿ, ನಿಮಗೇ ಗೊತ್ತಿದ್ದದ್ದಕ್ಕೆ ದುಡ್ಡು ಕೊಟ್ಟಂತಾಗುತ್ತದೆ. ವಿಶೇಷ ಕೋಡ್ ಬರೆಸಿದ ಬುಕಿಂಗ್ ಸೈಟ್: ಪೂರ್ತಿ ಆಡಿಟ್. ಐದಾರು ವರ್ಷ ಹಳೆಯ, ಯಾರೂ ನೋಡಿಕೊಳ್ಳದ ಥೀಮ್: ಹೊಸದು. ಯಾವ ದಾರಿ ಹಿಡಿದರೂ ಕೆಲಸ ಮುಗಿಯುವವರೆಗೆ ಪುಟದ ಅಡಿಯಲ್ಲಿ ‘ಬಳಸಲು ತೊಂದರೆಯಾದರೆ ತಿಳಿಸಿ’ ಎಂದು ಫೋನ್, ವಾಟ್ಸ್ಆ್ಯಪ್, ಇಮೇಲ್ ಮೂರನ್ನೂ ಕೊಡಿ. ಫೋನ್ ಒಂದೇ ಕೊಟ್ಟರೆ ಕಿವಿ ಕೇಳದವರನ್ನು ಮತ್ತೆ ಹೊರಗಿಟ್ಟಂತೆ.

ಇಷ್ಟೆಲ್ಲ ಸರಿಮಾಡಿದ ಸೈಟ್ ಮೊದಲು ಕೆಡುವುದು ದಸರಾ, ದೀಪಾವಳಿಯ ಆಫರ್ ಪಾಪ್‌ಅಪ್‌ನಿಂದ. ಬರಹವೆಲ್ಲ ಚಿತ್ರದೊಳಗೆ, ಮುಚ್ಚುವ ಗುಣಿಸು ಚಿಹ್ನೆ ಹೆಸರಿಲ್ಲದೆ, ಟ್ಯಾಬ್ ಒತ್ತಿದರೆ ಫೋಕಸ್ ಹಿಂದಿನ ಪುಟದಲ್ಲೇ ಸುತ್ತುತ್ತಿರುತ್ತದೆ. ಹಬ್ಬದ ಪೋಸ್ಟರ್ ಮಾಡುವವರಿಗೆ ಮೊದಲೇ ಬರೆದುಕೊಡಿ: ರಿಯಾಯಿತಿಯ ಸಾಲು ಅಕ್ಷರದಲ್ಲೇ ಇರಬೇಕು, ಬಟನ್‌ಗೆ ‘ಮುಚ್ಚಿ’ ಎಂಬ ಹೆಸರಿರಬೇಕು, ತೆರೆದೊಡನೆ ಫೋಕಸ್ ಒಳಗೆ ಬರಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಿ ಹಿಂದೆ ಇದ್ದಲ್ಲಿಗೇ ಮರಳಬೇಕು. ಅದನ್ನು ಸೈಟಿಗೆ ಏರಿಸಿದ ದಿನ ಮೌಸ್ ಕಿತ್ತಿಟ್ಟು ಇನ್ನೊಂದು ಸೀರೆ ಕೊಂಡು ನೋಡಿ.